ಪ್ರಿಯೋ ಕಡತಗಳ ಬೆನ್ನು ಹತ್ತಿ: ಕ್ಯೂಬಾ ಬಿಟ್ಟ ಅಧ್ಯಕ್ಷರನ್ನು ಮಯಾಮಿಯಲ್ಲಿ ಹುಡುಕಿದ್ದು

ಕ್ಯೂಬಾದ ಮಾಜಿ ಅಧ್ಯಕ್ಷ ಕಾರ್ಲೋಸ್ ಪ್ರಿಯೋ ಸೊಕರ್ರಾಸ್ ಮಯಾಮಿಯಲ್ಲಿ ಕಳೆದ ವರ್ಷಗಳ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೆದು ಹೋದ ವಾರವಷ್ಟೇ ಮುಗಿಸಿದೆ. ಬರೆಯುವುದಕ್ಕಿಂತ ಕಾಗದಪತ್ರ ಹುಡುಕುವುದಕ್ಕೇ ಜಾಸ್ತಿ ಸಮಯ ಹೋಯಿತು. ಯಾವ ಕಚೇರಿಗೆ ಅರ್ಜಿ ಹಾಕಬೇಕು, ಯಾವ ಗ್ರಂಥಾಲಯದಲ್ಲಿ ಏನು ಸಿಗುತ್ತದೆ, ಎಷ್ಟು ಕಾಯಬೇಕು, ಎಷ್ಟು ಖರ್ಚು ಎಂದು ಹೇಳುವವರು ನನಗೆ ಯಾರೂ ಸಿಗಲಿಲ್ಲ. ಅಮೆರಿಕದಲ್ಲಿದ್ದುಕೊಂಡು ಇಂಥ ಹಳೆಯ ಕಡತಗಳಿಗೆ ಕೈ ಹಾಕಬೇಕೆಂದಿರುವ ಕನ್ನಡಿಗರಿಗೆ ಸ್ವಲ್ಪ ದಾರಿ ಸುಲಭವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಫ್ಲಾರಿಡಾದ ಟ್ಯಾಂಪಾದಲ್ಲಿ. ಇಲ್ಲಿನ ಈಬೋರ್ ಸಿಟಿ ಎಂಬ ಬಡಾವಣೆಗೆ ಕ್ಯೂಬಾದ ಸಿಗಾರ್ ಕೆಲಸಗಾರರ ದೊಡ್ಡ ಇತಿಹಾಸವಿದೆ. 1955ರ ನವೆಂಬರ್‌ನಲ್ಲಿ ಫಿಡೆಲ್ ಕ್ಯಾಸ್ಟ್ರೊ ಇಲ್ಲಿಗೂ ಬಂದು ಕ್ರಾಂತಿಗೆ ಹಣ ಎತ್ತಿದ್ದರು. ನಮ್ಮ ಪಕ್ಕದ ಮನೆಯ ಅಜ್ಜಿ ಹವಾನಾದವರು. ಕ್ಯಾಸ್ಟ್ರೊ ವಿಷಯ ಬಂದರೆ ಮಾತು ನಿಲ್ಲಿಸಿಬಿಡುತ್ತಾರೆ. ಕ್ಯಾಸ್ಟ್ರೊಗಿಂತ ಮುಂಚೆ ಕ್ಯೂಬಾ ಆಳಿದ ಸರ್ವಾಧಿಕಾರಿ ಬಟಿಸ್ಟಾ ಹೆಸರು ಹೇಳಿದರೆ ಮುಖ ತಿರುಗಿಸುತ್ತಾರೆ. ಪ್ರಿಯೋ ಬಗ್ಗೆ ಕೇಳಿದ ದಿನ ಮಾತ್ರ ಕಾಫಿ ಮಾಡಿಕೊಂಡು ಬಂದು ಎದುರಿಗೆ ಕೂತರು. "ನಮ್ಮಪ್ಪ ಓಟು ಹಾಕಿದ್ದು ಅವರಿಗೇ, ಮಗಳೇ. ಆಮೇಲೆ ಬೈದದ್ದೂ ಅವರನ್ನೇ" ಎಂದರು. ನನ್ನ ಕೆಲಸ ಶುರುವಾದದ್ದು ಅಲ್ಲಿಂದ.

ಪ್ರಿಯೋ ಯಾರು ಅಂತ ಮೊದಲು ಹೇಳಬೇಕು. ಹುಟ್ಟಿದ್ದು 1903ರಲ್ಲಿ, ಬಹಿಯಾ ಒಂದಾ ಎಂಬ ಊರಲ್ಲಿ. ಹವಾನಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುವಾಗಲೇ ಸರ್ವಾಧಿಕಾರಿ ಹೆರಾರ್ದೊ ಮಚಾದೊ ವಿರುದ್ಧ ಬೀದಿಗಿಳಿದ ವಿದ್ಯಾರ್ಥಿ ನಾಯಕ. 1948ರಲ್ಲಿ ಆತೆಂತಿಕೊ ಪಕ್ಷದಿಂದ ಗೆದ್ದು ಅಕ್ಟೋಬರ್ 10ರಂದು ಅಧ್ಯಕ್ಷರಾದರು. ಕ್ಯೂಬಾಕ್ಕೆ ತನ್ನದೇ ಆದ ಕೇಂದ್ರ ಬ್ಯಾಂಕ್ ಬಂದದ್ದು ಅವರ ಕಾಲದಲ್ಲಿ. ಪತ್ರಿಕೆಗಳು ಅವರನ್ನು ಎಷ್ಟು ಬೈದರೂ ಬರೆಯಲು ಬಿಟ್ಟರು. ಬೈಯುವುದಕ್ಕೂ ಕಾರಣಗಳಿದ್ದವು. ಸರ್ಕಾರದೊಳಗೆ ಲಂಚ ತುಂಬಿತ್ತು, ಬಂದೂಕು ಹಿಡಿದ ಗುಂಪುಗಳು ಹವಾನಾದ ಬೀದಿಯಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದವು. ಹವಾನಾ ಹೊರವಲಯದಲ್ಲಿ ಅವರಿಗೆ ಲಾ ಚಾತಾ ಎಂಬ ದೊಡ್ಡ ತೋಟದ ಮನೆ ಇತ್ತು. 1952ರ ಆರಂಭದಲ್ಲಿ ಒಬ್ಬ ಯುವ ವಕೀಲ ಅವರ ಆಸ್ತಿಗಳ ಫೋಟೊ, ದಾಖಲೆ ಸಮೇತ 'ಅಲೆರ್ತಾ' ಪತ್ರಿಕೆಯಲ್ಲಿ ಆರೋಪ ಮಾಡಿದ. ಆ ವಕೀಲನೇ ಫಿಡೆಲ್ ಕ್ಯಾಸ್ಟ್ರೊ.

1952ರ ಮಾರ್ಚ್ 10ರ ನಸುಕಿನಲ್ಲಿ ಫುಲ್ಹೆನ್ಸಿಯೊ ಬಟಿಸ್ಟಾ ಕೊಲಂಬಿಯಾ ಸೇನಾ ಶಿಬಿರಕ್ಕೆ ನುಗ್ಗಿ ಅಧಿಕಾರ ಕಿತ್ತುಕೊಂಡ. ಚುನಾವಣೆ ಜೂನ್ 1ಕ್ಕೆ ನಿಗದಿಯಾಗಿತ್ತು. ಮೂರು ತಿಂಗಳೂ ಉಳಿದಿರಲಿಲ್ಲ. ಪ್ರಿಯೋ ಮೆಕ್ಸಿಕೊ ರಾಯಭಾರ ಕಚೇರಿಗೆ ಹೋಗಿ ಆಶ್ರಯ ಪಡೆದು, ಕೆಲವೇ ದಿನಗಳಲ್ಲಿ ದೇಶ ಬಿಟ್ಟರು. ನನ್ನನ್ನು ಬಹಳ ಕಾಡಿದ ಸಂಗತಿ ಇನ್ನೊಂದಿದೆ. 1944ರಲ್ಲಿ ಅಧಿಕಾರದಿಂದ ಇಳಿದ ಬಟಿಸ್ಟಾ ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ಮನೆ ಮಾಡಿಕೊಂಡಿದ್ದ. 1948ರಲ್ಲಿ ಅಲ್ಲಿಂದಲೇ ಕ್ಯೂಬಾದ ಸೆನೆಟ್‌ಗೆ ಗೆದ್ದಾಗ, ವಾಪಸ್ ಬರಲು ಅವಕಾಶ ಕೊಟ್ಟವರು ಇದೇ ಪ್ರಿಯೋ. ಹಾಗೆ ಬಂದವನೇ ಇವರನ್ನು ಫ್ಲಾರಿಡಾಕ್ಕೆ ಓಡಿಸಿದ.

ನಾನು ಮೊದಲು ಹೋದದ್ದು ಮನೆಯ ಕಂಪ್ಯೂಟರ್ ಮುಂದೆ. ಪ್ರಿಯೋ ಬಗೆಗಿನ ಅಮೆರಿಕದ ಗುಪ್ತ ಕಾಗದಗಳಲ್ಲಿ ಬಹಳಷ್ಟು ಸಿಗುವುದು ಜಾನ್ ಕೆನಡಿ ಹತ್ಯೆಯ ದಾಖಲೆ ಸಂಗ್ರಹದಲ್ಲಿ. 1970ರ ದಶಕದ ಕೊನೆಯಲ್ಲಿ ಆ ಹತ್ಯೆಯನ್ನು ಮತ್ತೆ ತನಿಖೆ ಮಾಡಿದ ಸಂಸದೀಯ ಸಮಿತಿ ಕ್ಯೂಬಾದ ವಲಸಿಗ ನಾಯಕರ ಕಡತಗಳನ್ನೆಲ್ಲ ತರಿಸಿಕೊಂಡಿತ್ತು. 1992ರ ಕಾನೂನಿನ ನಂತರ ಅವು ಹಂತಹಂತವಾಗಿ ಬಿಡುಗಡೆಯಾದವು. 2025ರ ಮಾರ್ಚ್‌ನಲ್ಲೂ ಒಂದು ದೊಡ್ಡ ಕಂತು ಹೊರಗೆ ಬಂತು. ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರದ ವೆಬ್‌ಸೈಟಿನಲ್ಲಿ ಇವನ್ನು ಬಿಟ್ಟಿಯಾಗಿ ಓದಬಹುದು.

ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ. ಪ್ರತಿ ದಾಖಲೆಗೂ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ಅದು 104ರಿಂದ ಶುರುವಾದರೆ ಸಿಐಎ ಕಾಗದ, 124 ಆದರೆ ಎಫ್‌ಬಿಐ, 180 ಆದರೆ ಆ ಸಂಸದೀಯ ಸಮಿತಿಯದ್ದು. ಇದು ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಹೆಸರನ್ನು ಒಂದೇ ರೀತಿ ಹುಡುಕಿ ಸುಮ್ಮನಾಗಬೇಡಿ. ಪ್ರಿಯೋ ಎಂದು ಹುಡುಕಿ, ಸೊಕರ್ರಾಸ್ ಎಂದು ಹುಡುಕಿ, ಅಕ್ಷರದ ಮೇಲಿನ ಸ್ಪ್ಯಾನಿಶ್ ಗುರುತು ಇಟ್ಟೂ ಬಿಟ್ಟೂ ಹುಡುಕಿ. ಟೈಪ್ ಮಾಡಿದ ಗುಮಾಸ್ತರು ಬಾಯಿಗೆ ಬಂದಂತೆ ಬರೆದಿದ್ದಾರೆ. ಸ್ಕ್ಯಾನ್ ಮಸುಕಾಗಿರುವ ಕಡೆ ಹುಡುಕಾಟವೇ ಕೆಲಸ ಮಾಡುವುದಿಲ್ಲ, ಪುಟ ತಿರುವಿಯೇ ನೋಡಬೇಕು.

ಓದುತ್ತಾ ಹೋದ ಹಾಗೆ ಮನಸ್ಸಿಗೆ ಕಸಿವಿಸಿಯಾಯಿತು. ಪ್ರಿಯೋ ಮನೆಗೆ ಯಾರು ಬಂದರು, ಎಷ್ಟು ಹಣ ಕೈ ಬದಲಾಯಿತು, ಯಾವ ದೋಣಿ ಎಲ್ಲಿ ನಿಂತಿದೆ, ಮುಂದೆ ಯಾರನ್ನು ಭೇಟಿ ಮಾಡುತ್ತಾರೆ ಎಂಬುದನ್ನೆಲ್ಲ ಯಾರೋ ಮಾಹಿತಿದಾರರು ಹೇಳಿದ್ದಾರೆ, ಇನ್ಯಾರೋ ಬರೆದುಕೊಂಡಿದ್ದಾರೆ. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಅಲ್ಲಗಳೆಯುತ್ತಾನೆ. ಒಬ್ಬ ಮನುಷ್ಯ ತನ್ನ ದೇಶಕ್ಕೆ ವಾಪಸ್ ಹೋಗಬೇಕೆಂದು ಹೆಣೆದ ಆಸೆಗಳಲ್ಲಿ ಬಹುಪಾಲು ಇವತ್ತು ನಮಗೆ ಸಿಗುವುದು ಅವನನ್ನು ಹಿಂಬಾಲಿಸಿದವರ ಕೈಬರಹದಲ್ಲಿ. ಇದು ನ್ಯಾಯವಲ್ಲ ಅನ್ನಿಸಿತು. ಅದಕ್ಕೇ ಅವರ ಕಡೆಯವರು ಬರೆದದ್ದನ್ನೂ ಹುಡುಕಲೇಬೇಕು ಎಂದು ಹಟ ಹಿಡಿದೆ.

ಅದರ ಜೊತೆಗೇ ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದೆ. ಅಮೆರಿಕದಲ್ಲಿ ಈ ಕಾನೂನು ಬಂದದ್ದು 1966ರಲ್ಲಿ. ಅರ್ಜಿ ಹಾಕಲು ಇಲ್ಲಿನ ಪೌರತ್ವ ಬೇಕಿಲ್ಲ, ನಮ್ಮ ವೀಸಾದಲ್ಲಿರುವವರೂ ಹಾಕಬಹುದು. ತೀರಿಕೊಂಡವರ ಕಡತ ಕೇಳುವಾಗ ಅವರು ತೀರಿಕೊಂಡಿದ್ದಾರೆ ಎನ್ನುವುದಕ್ಕೆ ಪುರಾವೆ ಕೇಳುತ್ತಾರೆ. ಮರಣ ಪ್ರಮಾಣಪತ್ರಕ್ಕಾಗಿ ಓಡಾಡಬೇಕಿಲ್ಲ. ಪತ್ರಿಕೆಯಲ್ಲಿ ಬಂದ ನಿಧನ ವಾರ್ತೆ ನಡೆಯುತ್ತದೆ. ಹುಟ್ಟಿ ನೂರು ವರ್ಷ ದಾಟಿದ್ದರೆ ಜನ್ಮದಿನಾಂಕವೇ ಸಾಕು. ಸಂಶೋಧನೆಗೆ, ಲಾಭಕ್ಕಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಆಗ ಮೊದಲ 100 ಪುಟಕ್ಕೆ ಹಣ ಕೇಳುವುದಿಲ್ಲ. ಕಾನೂನಿನ ಪ್ರಕಾರ 20 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು. ನನಗೆ ಆ ಅವಧಿಯಲ್ಲಿ ಬಂದದ್ದು ಅರ್ಜಿ ತಲುಪಿದೆ ಎಂಬ ಒಂದು ಪತ್ರ ಮತ್ತು ಒಂದು ಅರ್ಜಿ ಸಂಖ್ಯೆ, ಅಷ್ಟೇ. ಆಮೇಲೆ ತಿಂಗಳುಗಟ್ಟಲೆ ಮೌನ.

ಕಾಯುತ್ತಾ ಕೂರದೆ ಮಯಾಮಿಗೆ ಹೊರಟೆ. ಕೋರಲ್ ಗೇಬಲ್ಸ್‌ನಲ್ಲಿರುವ ಮಯಾಮಿ ವಿಶ್ವವಿದ್ಯಾಲಯದ ರಿಕ್ಟರ್ ಗ್ರಂಥಾಲಯದಲ್ಲಿ ಕ್ಯೂಬನ್ ಹೆರಿಟೇಜ್ ಕಲೆಕ್ಷನ್ ಇದೆ. ಕ್ಯೂಬಾ ಬಿಟ್ಟು ಬಂದವರ ಪತ್ರ, ಕರಪತ್ರ, ಫೋಟೊ, ಪತ್ರಿಕೆಗಳಿಗೆ ಇದಕ್ಕಿಂತ ದೊಡ್ಡ ಮನೆ ನನಗೆ ಬೇರೆ ಕಾಣಲಿಲ್ಲ. ವಿದ್ಯಾರ್ಥಿಯೇ ಆಗಬೇಕಿಲ್ಲ, ಯಾರು ಬೇಕಾದರೂ ಓದಬಹುದು. ಆದರೆ ನೇರ ಹೋಗಿ ನಿಂತರೆ ಆಗುವುದಿಲ್ಲ. ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ಯಾವ ಪೆಟ್ಟಿಗೆ ಬೇಕು ಎಂದು ಬರೆದು, ಅವರು ತೆಗೆದಿಡುತ್ತೇವೆ ಎಂದ ಮೇಲೆ ಹೋಗಬೇಕು. ಪಾಸ್‌ಪೋರ್ಟ್ ಒಯ್ಯಿರಿ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಬ್ಯಾಗ್ ಹೊರಗೇ ಇಡಬೇಕು. ಸ್ವೆಟರ್ ಮರೆಯಬೇಡಿ, ಒಳಗೆ ಚಳಿ ಹಿಡಿಯುವಷ್ಟು ಎಸಿ ಇರುತ್ತದೆ.

ನಾನು ಹೋದದ್ದು ಮಳೆಗಾಲದಲ್ಲಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಯಾಮಿಯ ಹೋಟೆಲುಗಳು ಕೈಗೆಟುಕುವುದಿಲ್ಲ ಎಂದು ಹಾಗೆ ಮಾಡಿದ್ದು. ಅಗ್ಗದ ಕಾಲವೇ ಚಂಡಮಾರುತದ ಕಾಲ ಕೂಡ, ಜೂನ್‌ನಿಂದ ನವೆಂಬರ್. ಪೆಟ್ಟಿಗೆಗಳು ಮೇಜಿಗೆ ಬಂದು ಕೆಲಸ ಹಿಡಿಯುತ್ತಿದ್ದ ಹಾಗೇ ಬಿರುಗಾಳಿಯ ಎಚ್ಚರಿಕೆ ಬಂದು ಎಲ್ಲ ಮುಚ್ಚಿತು. ಹೋಟೆಲ್ ಕೋಣೆಯಲ್ಲಿ ಮಳೆ ನೋಡುತ್ತಾ ಕೂತು, ಇಷ್ಟು ದೂರ ಬಂದು ಬರಿಗೈಲಿ ಹೋಗಬೇಕಾ ಎಂದು ಅಳು ಬಂತು. ಕೋಣೆ ರದ್ದು ಮಾಡಿದರೆ ಹಣ ವಾಪಸ್ ಬರುವಂತೆ ಮಾತ್ರ ಬುಕ್ ಮಾಡಿ. ಈ ಒಂದು ಸಲಹೆಯನ್ನು ತಪ್ಪದೆ ಪಾಲಿಸಿ.

ಮತ್ತೆ ಬಾಗಿಲು ತೆರೆದಾಗ ನನಗೆ ಬೇಕಿದ್ದದ್ದು ಸಿಕ್ಕಿತು. ಪೆರಿಯೊದಿಕಿತೊ ಎಂದು ಕರೆಯುವ ಪುಟ್ಟ ಪತ್ರಿಕೆಗಳು. ವಲಸಿಗರು ಮಯಾಮಿಯಲ್ಲಿ ಸ್ವಂತ ದುಡ್ಡು ಹಾಕಿ, ಅಂಗಡಿಗಳ ಜಾಹೀರಾತು ತುಂಬಿ, ಅಚ್ಚು ಹಾಕಿ ಹಂಚುತ್ತಿದ್ದವು. ಕಾಗದ ಹಳದಿಯಾಗಿ ಅಂಚು ಉದುರುತ್ತದೆ. ಅವುಗಳ ಸ್ಪ್ಯಾನಿಶ್ ಕಷ್ಟವೇನಲ್ಲ, ಆದರೆ ಹೆಸರುಗಳ ಕಾಡು. ಅಜ್ಜಿ ಇಲ್ಲದಿದ್ದರೆ ನನಗೆ ಅರ್ಧವೂ ಅರ್ಥವಾಗುತ್ತಿರಲಿಲ್ಲ. ರಾತ್ರಿ ಫೋನ್ ಮಾಡಿ ಓದಿ ಹೇಳಿದರೆ ಯಾರು ಯಾರ ಬಣ, ಯಾರಿಗೆ ಯಾರ ಮೇಲೆ ಸಿಟ್ಟು ಎಂದು ಬಿಡಿಸಿ ಹೇಳುತ್ತಿದ್ದರು. ಆ ಪುಟಗಳಲ್ಲಿ ಮತ್ತೆ ಮತ್ತೆ ಬರುವ ಬೇಡಿಕೆ ಒಂದಿದೆ. ಬಟಿಸ್ಟಾ ಬದಿಗೊತ್ತಿದ 1940ರ ಸಂವಿಧಾನ ಕ್ಯೂಬಾಕ್ಕೆ ಮರಳಬೇಕು. ನಾಯಕರ ಜಗಳ ಏನೇ ಇರಲಿ, ಅದರಲ್ಲಿ ಮಾತ್ರ ಎಲ್ಲರೂ ಒಂದು.

ಮನೆಯಲ್ಲೇ ಓದುವವರಿಗೆ ಒಂದು ದಾರಿ: ಹವಾನಾದ ದೊಡ್ಡ ದಿನಪತ್ರಿಕೆ ದಿಯಾರಿಯೊ ದೆ ಲಾ ಮರೀನಾದ ಹಳೆಯ ಸಂಚಿಕೆಗಳು ಡಿಜಿಟಲ್ ಲೈಬ್ರರಿ ಆಫ್ ದ ಕೆರಿಬಿಯನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮಯಾಮಿಯ ಇಂಗ್ಲಿಷ್ ಪತ್ರಿಕೆಗಳನ್ನು ಡೌನ್‌ಟೌನ್‌ನ ಮುಖ್ಯ ಸಾರ್ವಜನಿಕ ಗ್ರಂಥಾಲಯದಲ್ಲಿ ಮೈಕ್ರೋಫಿಲ್ಮ್ ಸುರುಳಿಯಲ್ಲಿ ನೋಡಿದೆ. ಕಣ್ಣು ಉರಿಯುತ್ತದೆ. ಆದರೂ ದಿನಕ್ಕೊಂದು ಸುದ್ದಿಯಾಗಿ ಒಬ್ಬ ಮನುಷ್ಯನ ಬದುಕು ಕಣ್ಮುಂದೆ ಸಾಗುವಾಗ ಎದ್ದು ಬರಲು ಮನಸ್ಸಾಗಲಿಲ್ಲ.

ಹೀಗೆ ಜೋಡಿಸಿಕೊಂಡ ಕಥೆ ಇದು. ಮಯಾಮಿಗೆ ಬಂದ ಪ್ರಿಯೋ ಸುಮ್ನೆ ಕೂರಲಿಲ್ಲ. ಹಣವಿತ್ತು, ಬಂದೂಕು ಕೊಂಡರು. 1953ರ ಕೊನೆಯಲ್ಲೇ ಅಮೆರಿಕದ ತಟಸ್ಥತೆ ಕಾನೂನು ಮುರಿದ ಆರೋಪ ಅವರ ಮೇಲೆ ಬಿತ್ತು. ಅಮೆರಿಕದ ನೆಲದಿಂದ ಇನ್ನೊಂದು ದೇಶದ ಮೇಲೆ ದಾಳಿಗೆ ತಯಾರಿ ಮಾಡಬಾರದು ಎನ್ನುವ ಕಾನೂನು ಅದು. 1955ರಲ್ಲಿ ಬಟಿಸ್ಟಾ ಕ್ಷಮಾದಾನ ಕೊಟ್ಟಾಗ ಆಗಸ್ಟ್‌ನಲ್ಲಿ ಹವಾನಾಕ್ಕೆ ಮರಳಿದರು. ಮುಂದಿನ ವರ್ಷ ಏಪ್ರಿಲ್ 29ರಂದು ಮತಾನ್ಸಾಸ್‌ನ ಗೊಯ್ಕುರಿಯಾ ಸೇನಾ ವಸತಿಯ ಮೇಲೆ ಅವರ ಪಕ್ಷದ ಹುಡುಗರು ದಾಳಿ ಮಾಡಿ ಸತ್ತರು. ಮೇ ತಿಂಗಳಲ್ಲಿ ಪ್ರಿಯೋ ಮತ್ತೆ ಮಯಾಮಿಯಲ್ಲಿದ್ದರು. ಒಂದು ವರ್ಷವೂ ತುಂಬಿರಲಿಲ್ಲ.

ಅದೇ 1956ರ ಸೆಪ್ಟೆಂಬರ್‌ನಲ್ಲಿ ಟೆಕ್ಸಸ್‌ನ ಮೆಕಾಲೆನ್ ಎಂಬ ಗಡಿ ಊರಿನ ಹೋಟೆಲಿನಲ್ಲಿ ಅವರು ಕ್ಯಾಸ್ಟ್ರೊನನ್ನು ಭೇಟಿ ಮಾಡಿದರು. ಕ್ಯಾಸ್ಟ್ರೊಗೆ ಅಮೆರಿಕದ ವೀಸಾ ಇರಲಿಲ್ಲ, ಮೆಕ್ಸಿಕೊದಿಂದ ರಿಯೊ ಗ್ರಾಂದೆ ನದಿ ದಾಟಿ ಬಂದ. ತನ್ನ ತೋಟದ ಫೋಟೊ ತೆಗೆದು ಮಾನ ಕಳೆದ ಹುಡುಗನಿಗೆ ಪ್ರಿಯೋ ದೊಡ್ಡ ಮೊತ್ತ ಕೊಟ್ಟರು. ಸಾಮಾನ್ಯವಾಗಿ ಹೇಳುವ ಲೆಕ್ಕ 50,000 ಡಾಲರ್. ನವೆಂಬರ್ 25ರಂದು ಕ್ಯಾಸ್ಟ್ರೊ ಸೇರಿ 82 ಜನರನ್ನು ಹೊತ್ತ ಗ್ರಾನ್ಮಾ ದೋಣಿ ಮೆಕ್ಸಿಕೊದ ತುಷ್ಪಾನ್‌ನಿಂದ ಕ್ಯೂಬಾದ ಕಡೆ ಹೊರಟಿತು. 1957ರ ಮೇನಲ್ಲಿ ಪ್ರಿಯೋ ಹಣದಿಂದ ಹೊರಟ ಇನ್ನೊಂದು ದೋಣಿ ಕೊರಿಂಥಿಯಾ. ಅದರಲ್ಲಿ ಹೋದವರಲ್ಲಿ ಹೆಚ್ಚಿನವರನ್ನು ಬಟಿಸ್ಟಾ ಸೇನೆ ಹಿಡಿದು ಕೊಂದಿತು. ಗ್ರಾನ್ಮಾ ಇತಿಹಾಸವಾಯಿತು. ಕೊರಿಂಥಿಯಾದಲ್ಲಿ ಹೋದ ಹುಡುಗರ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತಿದೆ? ಅವರ ಸುದ್ದಿ ಬಂದ ಪುಟವನ್ನು ನಾನು ಎರಡು ಸಲ ಓದಿದೆ.

1958ರ ಫೆಬ್ರವರಿಯಲ್ಲಿ ಅಮೆರಿಕ ಮತ್ತೆ ಅವರ ಮೇಲೆ ಅದೇ ಕಾನೂನಿನಡಿ ಕೇಸು ಹಾಕಿತು. ಕೈಗೆ ಕೋಳ ಬಿದ್ದ ಮಾಜಿ ಅಧ್ಯಕ್ಷರ ಫೋಟೊ ಪತ್ರಿಕೆಗಳಲ್ಲಿ ಬಂತು. ಆದರೂ ಜುಲೈನಲ್ಲಿ ಬಟಿಸ್ಟಾ ವಿರೋಧಿಗಳೆಲ್ಲ ಸೇರಿ ಮಾಡಿಕೊಂಡ ಕರಾಕಸ್ ಒಪ್ಪಂದಕ್ಕೆ ಅವರ ಸಹಿ ಇದೆ. 1959ರ ಜನವರಿ 1ರಂದು ಬಟಿಸ್ಟಾ ಓಡಿಹೋದ. ಪ್ರಿಯೋ ಎರಡನೇ ಸಲ ಹವಾನಾಕ್ಕೆ ಮರಳಿದರು. ಇನ್ನು ಚುನಾವಣೆ ಬರುತ್ತದೆ ಎಂದು ನಂಬಿದ್ದರು. ಬರಲಿಲ್ಲ. 1961ರಲ್ಲಿ ಮತ್ತೆ ಮಯಾಮಿ.

ಈ ಎರಡನೇ ಮಯಾಮಿಯೇ ಓದಲು ಕಷ್ಟ. ಮೊದಲ ಸಲ ಅವರು ಹಣ ಕೊಡುವ ಕೈ, ಎಲ್ಲರೂ ಹುಡುಕಿಕೊಂಡು ಬರುತ್ತಿದ್ದರು. ಈಗ ಹಣವೂ ಆಜ್ಞೆಯೂ ವಾಷಿಂಗ್ಟನ್‌ನದ್ದು. ಕ್ಯಾಸ್ಟ್ರೊನನ್ನು ಇಳಿಸಲು ಅಮೆರಿಕ ವಲಸಿಗರಿಂದ ಮಾಡಿಸಿದ 1961ರ ಏಪ್ರಿಲ್‌ನ ಬೇ ಆಫ್ ಪಿಗ್ಸ್ ದಾಳಿಯ ಹೊತ್ತಿಗೆ ವಲಸಿಗರ ಕ್ರಾಂತಿ ಮಂಡಳಿಯ ಮುಖ್ಯಸ್ಥರು ಹೊಸೆ ಮಿರೊ ಕಾರ್ದೊನಾ. ಪ್ರಿಯೋ ಸರ್ಕಾರದಲ್ಲಿ ಪ್ರಧಾನಿಯಾಗಿದ್ದ ಆಂತೋನಿಯೊ ದೆ ವರೋನಾ ಅದರಲ್ಲಿ ಮುಂಚೂಣಿಯಲ್ಲಿದ್ದರು. ಪ್ರಿಯೋಗೆ ಅಲ್ಲಿ ಜಾಗವಿರಲಿಲ್ಲ. ಜನ ತನ್ನನ್ನು ಕೆಟ್ಟ ಅಧ್ಯಕ್ಷ ಅನ್ನುತ್ತಾರೆ, ಅದು ನಿಜವಿರಬಹುದು, ಆದರೆ ಕ್ಯೂಬಾಕ್ಕೆ ಸಿಕ್ಕ ಅತ್ಯುತ್ತಮ ಅಧ್ಯಕ್ಷ ತಾನೇ ಎಂದು ಅವರು ಇತಿಹಾಸಕಾರ ಆರ್ಥರ್ ಶ್ಲೆಸಿಂಜರ್‌ಗೆ ಹೇಳಿದ್ದರಂತೆ. ಹಿಂದೆ ಮಚಾದೊ, ಮುಂದೆ ಬಟಿಸ್ಟಾ, ಆಮೇಲೆ ಕ್ಯಾಸ್ಟ್ರೊ. ಇವರ ಮಧ್ಯೆ ಓಟಿನಿಂದ ಬಂದವರೆಷ್ಟು ಎಂದು ನೋಡಿದರೆ ಆ ಮಾತನ್ನು ತಳ್ಳಿಹಾಕಲು ನನಗಾಗುವುದಿಲ್ಲ. 1977ರ ಏಪ್ರಿಲ್ 5ರಂದು ಮಯಾಮಿ ಬೀಚ್‌ನ ಮನೆಯ ಹತ್ತಿರ ಗುಂಡು ಹಾರಿಸಿಕೊಂಡು ತೀರಿಕೊಂಡರು. 73 ವರ್ಷವಾಗಿತ್ತು. ಕೈಯಲ್ಲಿ ಹಣ ಉಳಿದಿರಲಿಲ್ಲ. ಕೆನಡಿ ತನಿಖೆಯ ಸಮಿತಿ ಅವರನ್ನು ಮಾತಾಡಿಸಬೇಕೆಂದಿದ್ದ ಸಮಯ ಅದು. ಇದರ ಸುತ್ತ ಊಹಾಪೋಹ ಬಹಳ ಇವೆ. ಅವನ್ನು ನಾನು ಲೇಖನಕ್ಕೆ ಸೇರಿಸಲಿಲ್ಲ, ನೀವೂ ಅವುಗಳ ಹಿಂದೆ ಹೋಗಿ ಸಮಯ ಕಳೆಯಬೇಡಿ.

ಸಮಾಧಿ ನೋಡಲೇಬೇಕು ಅನ್ನಿಸಿತ್ತು. ಮಯಾಮಿಯ ಕಾಯೆ ಓಚೊ, ಅಂದರೆ ಎಂಟನೇ ಬೀದಿಯಲ್ಲಿ ವುಡ್‌ಲಾನ್ ಪಾರ್ಕ್ ಸ್ಮಶಾನವಿದೆ. ಪ್ರವೇಶಕ್ಕೆ ಹಣವಿಲ್ಲ. ಜಾಗ ದೊಡ್ಡದು, ಆಫೀಸಿನಲ್ಲಿ ಹೆಸರು ಹೇಳಿ ಕೇಳಿದರೆ ಬೇಗ ಸಿಗುತ್ತದೆ. ಬೆಳಿಗ್ಗೆ ಬೇಗ ಹೋಗಿ, ನೀರು ಒಯ್ಯಿರಿ. ಯುವಕ ಪ್ರಿಯೋ ಯಾರ ವಿರುದ್ಧ ಹೋರಾಡಿದ್ದರೋ ಆ ಮಚಾದೊ ಕೂಡ 1939ರಲ್ಲಿ ಮಯಾಮಿ ಬೀಚ್‌ನಲ್ಲಿ ಸತ್ತು ಇದೇ ಸ್ಮಶಾನದಲ್ಲಿದ್ದಾನೆ. ಬಟಿಸ್ಟಾ ಮಾತ್ರ 1973ರಲ್ಲಿ ಸ್ಪೇನ್‌ನಲ್ಲಿ ತೀರಿಕೊಂಡು ಮ್ಯಾಡ್ರಿಡ್‌ನಲ್ಲಿ ಮಣ್ಣಾದ. ಮೂವರಲ್ಲಿ ಯಾರೂ ಕ್ಯೂಬಾದ ಮಣ್ಣಿಗೆ ಮರಳಲಿಲ್ಲ.

ಮಾಹಿತಿ ಹಕ್ಕಿನ ಉತ್ತರ ಕೊನೆಗೂ ಬಂತು. ಕಡತಗಳನ್ನು ದಾಖಲೆ ಭಂಡಾರಕ್ಕೆ ವರ್ಗಾಯಿಸಲಾಗಿದೆ, ಅಲ್ಲಿ ಕೇಳಿ ಎಂದು ಒಂದು ಕಚೇರಿ ಕೈ ತೊಳೆದುಕೊಂಡಿತು. ಇಷ್ಟು ತಿಂಗಳು ಕಾದದ್ದು ಇದಕ್ಕಾ ಎಂದು ಸಿಟ್ಟು ನೆತ್ತಿಗೇರಿತು. ಆದರೂ ಆ ಪತ್ರ ಉಪಯೋಗಕ್ಕೆ ಬಂತು. ಅದರಲ್ಲಿದ್ದ ಕಡತ ಸಂಖ್ಯೆಗಳನ್ನು ಕೊಟ್ಟು ಭಂಡಾರಕ್ಕೆ ಬರೆದಾಗ ಅಲ್ಲಿನವರು ಯಾವ ಪೆಟ್ಟಿಗೆ ಎಂದು ನಿಖರವಾಗಿ ಹೇಳಿದರು. ಅಂಥ ಪತ್ರ ಬಂದರೆ ಎಸೆಯಬೇಡಿ, ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಮೇರಿಲ್ಯಾಂಡ್‌ನ ಕಾಲೇಜ್ ಪಾರ್ಕ್‌ಗೆ ಖುದ್ದಾಗಿ ಹೋಗುವವರು ಅಲ್ಲಿ ಸಂಶೋಧಕರ ಕಾರ್ಡ್ ಮಾಡಿಸಿಕೊಳ್ಳಬೇಕು. ಅದಕ್ಕೂ ದುಡ್ಡಿಲ್ಲ, ಫೋಟೊ ಇರುವ ಗುರುತಿನ ಚೀಟಿ ಸಾಕು.

ಖರ್ಚಿನ ಮಾತು ಹೇಳಿಬಿಡುತ್ತೇನೆ. ದಾಖಲೆ ಓದುವುದಕ್ಕೆ ಎಲ್ಲೂ ಹಣ ಕೊಡಲಿಲ್ಲ. ಪೆಟ್ರೋಲು ಮತ್ತು ಕೋಣೆ ಬಾಡಿಗೆಯೇ ಭಾರ. ಕೋರಲ್ ಗೇಬಲ್ಸ್ ಕ್ಯಾಂಪಸ್ಸಿಗೆ ಮೆಟ್ರೊರೈಲಿನಲ್ಲಿ ಹೋದೆ. ಸ್ಟೇಷನ್ ಎದುರಿಗೇ ಇದೆ, ಪಾರ್ಕಿಂಗ್ ಹಣ ಉಳಿಯಿತು. ಪುಟಗಳ ಫೋಟೊವನ್ನು ಫೋನಿನಲ್ಲೇ ತೆಗೆದುಕೊಂಡೆ, ಮೊದಲು ಅನುಮತಿ ಕೇಳಬೇಕು. ಪ್ರತಿ ಫೋಟೊದ ಜೊತೆ ಪೆಟ್ಟಿಗೆ ಸಂಖ್ಯೆ, ಫೋಲ್ಡರ್ ಹೆಸರು ಕೂಡ ಬರುವಂತೆ ತೆಗೆಯಿರಿ. ಊರಿಗೆ ಬಂದ ಮೇಲೆ ಯಾವುದು ಎಲ್ಲಿಯದು ಎಂದು ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಲೇಖನ ಮುಗಿದ ಮೇಲೆ ಅಜ್ಜಿಗೆ ಸ್ಪ್ಯಾನಿಶ್‌ನಲ್ಲಿ ಪ್ಯಾರಾ ಪ್ಯಾರಾ ಹೇಳಿದೆ. ಲಂಚದ ಭಾಗ ಬಂದಾಗ ತಲೆ ಅಲ್ಲಾಡಿಸಿ "ಇರಲಿ, ನಿಜ ತಾನೆ" ಎಂದರು. ಕೊರಿಂಥಿಯಾ ಬಂದಾಗ ಮಾತಾಡಲಿಲ್ಲ. ಕೊನೆಯಲ್ಲಿ ಒಂದೇ ತಕರಾರು ತೆಗೆದರು. 1940ರ ಸಂವಿಧಾನ ಬೇಕು ಬೇಕು ಎಂದು ಕೇಳಿದರು ಅಂತ ಬರೆದಿದ್ದೀಯ, ಅದನ್ನು ಬರೆದ ಸಭೆಯಲ್ಲಿ ಪ್ರಿಯೋ ಕೂತಿದ್ದರು ಅಂತ ಏಕೆ ಮುಂದೆ ಹಾಕಿಲ್ಲ ಎಂದು. ಅವರು ಹೇಳಿದ್ದು ಸರಿ, ಪ್ರಿಯೋ ಆ ಸಂವಿಧಾನ ಸಭೆಯ ಪ್ರತಿನಿಧಿಯಾಗಿದ್ದರು. ತಾವೇ ಕೈ ಹಾಕಿ ಮಾಡಿದ ಕಾನೂನನ್ನು ವಾಪಸ್ ಕೇಳುತ್ತಾ ಅಷ್ಟು ವರ್ಷ ಕಳೆದವರು. ಆ ಸಾಲನ್ನು ಮೊದಲ ಪ್ಯಾರಾಕ್ಕೆ ತಂದು ಹಾಕಿ, ಲೇಖನವನ್ನು ಕಳಿಸಿದೆ.